ಭಂಡಾರದ ಕಾಯಕ: ನಮ್ಮ ವಾಣಿಜ್ಯ ಪದವೀಧರರಿಗೆ ಮತ್ತೊಂದು ದಾರಿ

ಪುಣೆ–ಬೆಂಗಳೂರು ಹೆದ್ದಾರಿಯನ್ನು ಮೋಟೆಬೆನ್ನೂರಿನಲ್ಲಿ ಬಿಟ್ಟು ಬ್ಯಾಡಗಿಯತ್ತ ಹೊರಳಿದರೆ, ಸುಗ್ಗಿಯ ದಿನಗಳಲ್ಲಿ ನಮ್ಮನ್ನು ಮೊದಲು ಎದುರುಗೊಳ್ಳುವುದು ಮೆಣಸಿನಕಾಯಿಯ ಘಾಟು. ಈ ಭಾಗದ ಮನೆಗಳಲ್ಲಿ ಬಿ.ಕಾಂ. ಮುಗಿಸಿದ ಮಕ್ಕಳಿಗೆ ಹಿರಿಯರು ಸಾಮಾನ್ಯವಾಗಿ ತೋರಿಸುವ ದಾರಿಗಳು ಎರಡೇ: ಬ್ಯಾಂಕಿನ ಪರೀಕ್ಷೆ, ಇಲ್ಲವೇ ಅಡತಿ ಅಂಗಡಿಯ ಲೆಕ್ಕ. ದೊಡ್ಡ ಕಂಪನಿಗಳ ಖಜಾನೆ ವಿಭಾಗವೆಂಬ ಮೂರನೆಯ ದಾರಿಯನ್ನು ನಮ್ಮ ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಬ್ಯಾಡಗಿಯ ಮೆಣಸಿನಕಾಯಿಯಿಂದ ತೆಗೆದ ಬಣ್ಣದ ಸತ್ತ್ವವಾದ ಓಲಿಯೋರೆಸಿನ್ ಪರದೇಶಗಳಿಗೆ ಹೋಗುತ್ತದೆ. ಮಾರಿದವನಿಗೆ ಒಂದು ಲಕ್ಷ ಡಾಲರು ಮೂರು ತಿಂಗಳ ಮೇಲೆ ಬರಬೇಕಾಗಿದೆ ಎನ್ನೋಣ. ಅಷ್ಟರಲ್ಲಿ ಡಾಲರಿನ ದರ ಒಂದೇ ರೂಪಾಯಿ ಇಳಿದರೂ ಒಂದು ಲಕ್ಷ ರೂಪಾಯಿ ಕೈಬಿಟ್ಟಂತೆ. ಮುಂಗಡ ಒಪ್ಪಂದದ ಮೂಲಕ ಬ್ಯಾಂಕಿನೊಡನೆ ಇಂದೇ ದರ ನಿಗದಿ ಮಾಡಿಕೊಳ್ಳುವುದು, ರೈತರ ಪಾವತಿಗೆ ನಾಳೆ ಹಣವಿದೆಯೇ ಎಂದು ನೋಡುವುದು, ಸಾಲದ ಬಡ್ಡಿಯನ್ನು ತಗ್ಗಿಸುವುದು, ಇವೆಲ್ಲ ಖಜಾನೆಯವರ ಕೆಲಸ. 1993ರಲ್ಲಿ ರೂಪಾಯಿಯ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಇಂಥವರ ಅಗತ್ಯ ಹೆಚ್ಚಿತು.

ಆರಂಭ ಆಕರ್ಷಕವೇನಲ್ಲ. ಬೆಳಗಿನಲ್ಲಿ ಎಲ್ಲ ಬ್ಯಾಂಕುಗಳ ಶಿಲ್ಕು ಕೂಡಿಸುವುದು, ಪಾವತಿಗಳನ್ನು ತಾಳೆ ನೋಡುವುದು. ಈ ಮೇಜನ್ನು ಹೀನೈಸುವ ತರುಣರನ್ನು ಕಂಡು ನಮಗೆ ಖೇದವಾಗುತ್ತದೆ, ಹಣದ ಹರಿವು ಅರ್ಥವಾಗುವುದು ಅಲ್ಲಿಯೇ. ಅನಂತರ ಅಪಾಯದ ಲೆಕ್ಕಾಚಾರ, ವಿನಿಮಯ ವ್ಯವಹಾರ, ವ್ಯವಸ್ಥಾಪಕನ ಸ್ಥಾನ, ಕೊನೆಗೆ ಖಜಾಂಚಿ. ಕೆಲವರು ಮುಖ್ಯ ಹಣಕಾಸು ಅಧಿಕಾರಿಯೂ ಆಗುತ್ತಾರೆ. ನಡುವೆ ನಿಂತುಬಿಡುವವರು ಬಹಳ. ಸಾಲಪತ್ರದ ಷರತ್ತುಗಳನ್ನು ಓದಿ, ಬ್ಯಾಂಕಿನವರೊಡನೆ ಇಂಗ್ಲಿಷಿನಲ್ಲಿ ವಾದಿಸಬಲ್ಲವರು ಮುಂದೆ ಸಾಗುತ್ತಾರೆ. ಸಿ.ಎ. ಅಥವಾ ಹಣಕಾಸಿನ ಎಂ.ಬಿ.ಎ. ಇದ್ದರೆ ಬಲ. ಲಂಡನ್ನಿನಲ್ಲಿ 1979ರಲ್ಲಿ ಸ್ಥಾಪಿತವಾದ ಕಾರ್ಪೊರೇಟ್ ಖಜಾಂಚಿಗಳ ಸಂಘದ ಪದವಿ, ಅಮೆರಿಕದ ಸಿ.ಟಿ.ಪಿ. ಪರೀಕ್ಷೆ ಇವೆಯಾದರೂ ಶುಲ್ಕ ಪರದೇಶದ ನಾಣ್ಯದಲ್ಲಿ. ಕೆಲಸಕ್ಕೆ ಸೇರಿದ ಬಳಿಕ ಕಂಪನಿಯೇ ಅದನ್ನು ಭರಿಸುವುದೋ ಎಂದು ಕೇಳುವುದು ಜಾಣತನ. ಮನೆಯ ಹೊಲ ಒತ್ತೆಯಿಟ್ಟು ಕಟ್ಟುವಂಥದ್ದಲ್ಲ.

ಈ ಕೆಲಸದಲ್ಲಿ ಎಡವಿದರೆ ಏಟು ದೊಡ್ಡದು. 2018ರಲ್ಲಿ ಐ.ಎಲ್. ಅಂಡ್ ಎಫ್.ಎಸ್. ಸಮೂಹ ಸಾಲ ತೀರಿಸಲಾಗದೆ ಕುಸಿದಾಗ, ಅದರ ಪತ್ರಗಳಿಗೆ ಕೆಲವೇ ವಾರಗಳ ಹಿಂದೆ ಅತ್ಯುನ್ನತ ಶ್ರೇಣಿ ಇತ್ತು. ಶ್ರೇಣಿಯನ್ನಷ್ಟೇ ನಂಬಿ ಹಣವಿಟ್ಟ ಸಂಸ್ಥೆಗಳು ಪರದಾಡಿದವು.

ಬಿಜ್ಜಳನ ಭಂಡಾರದಲ್ಲಿ ಕರಣಿಕನಾಗಿ ಸೇರಿ ಭಂಡಾರಿಯ ಪದವಿಗೇರಿದ ಬಸವಣ್ಣನವರ ಮೇಲೂ ಹಣ ಪೋಲು ಮಾಡಿದರೆಂಬ ದೂರು ಬಂದುದನ್ನೂ, ಎಣಿಸಿ ನೋಡಿದಾಗ ಭಂಡಾರ ಸರಿಯಾಗಿದ್ದುದನ್ನೂ ಪುರಾಣಗಳು ಹೇಳುತ್ತವೆ. ಇಂದಿನ ಕಂಪನಿಗಳಲ್ಲಿ ಒಬ್ಬನು ಪಾವತಿ ಸಿದ್ಧಪಡಿಸಿದರೆ ಮತ್ತೊಬ್ಬನು ಅನುಮೋದಿಸಬೇಕೆಂಬ ನಿಯಮವಿದೆ. ತನ್ನನ್ನು ನಂಬಲಿಲ್ಲವೆಂದು ಅದಕ್ಕೆ ಮುನಿಯುವ ಹುಡುಗನಿಗೆ ಈ ವಿಭಾಗ ಹಿಡಿಸದು. ಮಗನನ್ನೋ ಮಗಳನ್ನೋ ಅತ್ತ ಕಳುಹಿಸುವ ಮುನ್ನ ಹೆತ್ತವರು ಇದನ್ನು ಅವರೊಡನೆ ಕುಳಿತು ಮಾತನಾಡಲಿ.