ಓಕ್ ಮರವೂ ಉಳೀಬೇಕು, ಜೇಬೂ ಉಳೀಬೇಕು

2023ರ ಫೆಬ್ರುವರಿ 1ರ ರಾತ್ರಿ ಆಸ್ಟಿನ್‌ನಲ್ಲಿದ್ದ ಎಷ್ಟೋ ಜನ ಸರಿಯಾಗಿ ನಿದ್ದೆ ಮಾಡಿರಲಿಕ್ಕಿಲ್ಲ. ಬಿದ್ದದ್ದು ಹಿಮ ಅಲ್ಲ, ಮಳೆ. ಎಲೆ, ಕಡ್ಡಿ, ತಂತಿ ಯಾವುದರ ಮೇಲೆ ಬಿದ್ದರೂ ಅಲ್ಲೇ ಗಾಜಿನ ಥರ ಹೆಪ್ಪುಗಟ್ಟೋ ಮಳೆ. ಮನೆಯಲ್ಲಿ ಕರೆಂಟಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಬೀದಿಯಲ್ಲಿ ಎಲ್ಲೋ ಒಂದು ಕೊಂಬೆ ಪಟಾಕಿ ಸಿಡಿದ ಹಾಗೆ ಮುರಿಯೋ ಸದ್ದು. ಬೆಳಗಿನ ಜಾವ ಆ ಸದ್ದು ನಮ್ಮ ಹಿತ್ತಲಿನಿಂದಲೇ ಬಂತು. ಟಾರ್ಚ್ ಹಾಕಿ ನೋಡಿದರೆ, ಲೈವ್ ಓಕ್ ಮರದ ತೊಡೆ ಗಾತ್ರದ ಕೊಂಬೆಯೊಂದು ಅರ್ಧ ಸೀಳಿಕೊಂಡು ನೇತಾಡ್ತಾ ಇದೆ. ಅದರ ಪಕ್ಕದ ಕೊಂಬೆ ನೇರವಾಗಿ ಮಗಳು ಮಲಗೋ ಕೋಣೆಯ ಮೇಲಕ್ಕೆ ಚಾಚಿಕೊಂಡಿತ್ತು.

ಸಕಲೇಶಪುರದ ಕಡೆಯವನಾದ ನನಗೆ ಮರ ಹೊಸದಲ್ಲ. ಕಾಫಿ ತೋಟದಲ್ಲಿ ವರ್ಷ ವರ್ಷ ಮರಗಸಿ ಮಾಡಿಸೋದನ್ನ ನೋಡಿಕೊಂಡೇ ಬೆಳೆದವನು. ಫೋನ್ ಮಾಡಿದಾಗ ಅಪ್ಪ "ಅಯ್ಯೋ, ಓಕ್ ತಾನೇ, ತಲೆ ಸವರಿಸಿಬಿಡು, ಚಿಗುರುತ್ತೆ ಬಿಡೋ" ಅಂದರು. ಅವರ ತಲೆಯಲ್ಲಿದ್ದದ್ದು ಸಿಲ್ವರ್ ಓಕ್. ಅದು ಓಕ್ ಜಾತಿಯದ್ದೇ ಅಲ್ಲ, ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಟುಂಬದ ಮರ. ಅದಕ್ಕೆ ಮಾಡಿದ ಹಾಗೆ ಇದಕ್ಕೂ ಮಾಡಿದ್ದರೆ ಆಗ್ತಿದ್ದ ಅನಾಹುತವೇ ಈ ಲೇಖನದ ಅರ್ಧ ಭಾಗ.

ಆ ವರ್ಷ ಮರಕ್ಕೆ ಅಂತ ನಾವು ತೆಗೆದಿಡಬಹುದಾಗಿದ್ದದ್ದು 900 ಡಾಲರ್. ಮೊದಲು ಬಂದ ಕಂಪನಿಯವರು ಇಡೀ ಮರ "ಕ್ಲೀನ್" ಮಾಡೋಕೆ 3,200 ಕೇಳಿದರು. ಎರಡನೆಯವನು ಪಿಕಪ್ ಟ್ರಕ್ಕಿನಲ್ಲಿ ಬಂದು ತಾನೇ ಬಾಗಿಲು ತಟ್ಟಿದವನು. 700ಕ್ಕೆ ಮೇಲಿನದ್ದೆಲ್ಲ ಬೋಳಿಸಿಕೊಡ್ತೀನಿ, ನಾಳೆಯೇ ಬರ್ತೀನಿ ಅಂದ. ನಿಜ ಹೇಳಬೇಕಂದ್ರೆ ನಾನು ಹೂಂ ಅನ್ನೋದರಲ್ಲಿದ್ದೆ. ನನ್ನ ಹೆಂಡತಿ ತಡೆದಳು. ಕೊನೆಗೆ ಒಬ್ಬ ಸರ್ಟಿಫೈಡ್ ಆರ್ಬರಿಸ್ಟ್‌ಗೆ, ಅಂದರೆ ಮರದ ಡಾಕ್ಟರಿಗೆ, ಬರೀ ಬಂದು ನೋಡಿ ಹೇಳೋದಕ್ಕೆ 150 ಡಾಲರ್ ಕೊಟ್ವಿ. ಇಡೀ ವ್ಯವಹಾರದಲ್ಲಿ ಸದುಪಯೋಗ ಆದ ದುಡ್ಡು ಅಂದ್ರೆ ಅದೇ.

ಆಕೆ ಕೇಳಿದ ಮೊದಲ ಪ್ರಶ್ನೆ ಮರದ ಬಗ್ಗೆ ಅಲ್ಲ. "ಈ ಮರದ ಕೆಳಗೆ ಏನೇನಿದೆ?" ಅಂತ. ಒಣಕೊಂಬೆ ಇದ್ದ ಮಾತ್ರಕ್ಕೆ ಅಪಾಯ ಇದೆ ಅಂತಲ್ಲ. ಅದು ಬಿದ್ದರೆ ಕೆಳಗೆ ಸಿಕ್ಕೋದು ಯಾರು, ಎಷ್ಟು ಹೊತ್ತು ಅಲ್ಲಿರ್ತಾರೆ ಅನ್ನೋದೂ ಲೆಕ್ಕಕ್ಕೆ ಬರಬೇಕು. ನಮ್ಮ ಮರದಲ್ಲಿ ಹನ್ನೊಂದು ಒಣಕೊಂಬೆಗಳಿದ್ವು. ಅದರಲ್ಲಿ ಏಳು ಹಿಂದಿನ ಖಾಲಿ ಹುಲ್ಲಿನ ಮೇಲೆ. ಅವನ್ನ ಮರಕುಟಿಗಕ್ಕೆ ಬಿಟ್ಟುಬಿಡಿ ಅಂದಳು. ಮಾಳಿಗೆಯ ಮೇಲಿನ ನಾಲ್ಕು, ಮಗಳ ಕೋಣೆಯ ಮೇಲಿನ ಆ ಉದ್ದನೆಯ ಕೊಂಬೆ, ಮತ್ತೆ ಮುರಿದು ನೇತಾಡ್ತಿದ್ದದ್ದರ ಮೊಂಡು, ಈ ವರ್ಷಕ್ಕೆ ಇಷ್ಟೇ. 3,200ರ ಕೆಲಸ ಅರ್ಧ ದಿನದ ಕೆಲಸವಾಗಿ ಇಳಿದದ್ದು ಹೀಗೆ.

ಈಗ ನಮ್ಮ ಕಡೆಯ ವಿಷಯ, ಅಂದರೆ ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್. (ಮೂರನೇ ಸೆಮ್‌ನಲ್ಲಿ ಇದನ್ನ ಎರಡನೇ ಅಟೆಂಪ್ಟ್‌ನಲ್ಲಿ ಪಾಸ್ ಮಾಡಿದವನು ಹೇಳ್ತಿದೀನಿ, ಸ್ವಲ್ಪ ಸಹಿಸಿಕೊಳ್ಳಿ.) ಕೊಂಬೆ ಅಂದ್ರೆ ಒಂದು ಕ್ಯಾಂಟಿಲಿವರ್. ಉದ್ದಕ್ಕೂ ಸಮನಾದ ಭಾರ ಇದೆ ಅಂತ ಇಟ್ಟುಕೊಂಡ್ರೆ ಬುಡದಲ್ಲಿ ಬೆಂಡಿಂಗ್ ಮೊಮೆಂಟ್ ಉದ್ದದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. 30 ಅಡಿ ಕೊಂಬೆಯನ್ನ 25ಕ್ಕೆ ಇಳಿಸಿದರೆ, 25 ಭಾಗ 30ರ ವರ್ಗ, ಸುಮಾರು 0.69. ಉದ್ದದಲ್ಲಿ ಆರನೇ ಒಂದು ಭಾಗ ಹೋಯ್ತು, ಬುಡದ ಮೇಲಿನ ಒತ್ತಡ ಶೇ. 30ರಷ್ಟು ಹೋಯ್ತು! ನಿಜವಾದ ಮರದಲ್ಲಿ ಎಲೆಯೆಲ್ಲ ತುದಿಯ ಕಡೆಗೇ ಇರೋದರಿಂದ ಲಾಭ ಇನ್ನೂ ಹೆಚ್ಚು. ಲೈವ್ ಓಕ್ ಚಳಿಗಾಲದಲ್ಲೂ ಎಲೆ ಹೊತ್ತುಕೊಂಡಿರೋ ಮರ. ಅದಕ್ಕೇ ಆ ರಾತ್ರಿ ಎಲೆ ಉದುರಿಸಿ ನಿಂತಿದ್ದ ಮರಗಳಿಗಿಂತ ಇದರ ಮೇಲೆ ಮಂಜುಗಡ್ಡೆ ಜಾಸ್ತಿ ಕೂತದ್ದು.

ಹಾಗಾಗಿ ಕೋಣೆಯ ಮೇಲಿನ ಕೊಂಬೆಯನ್ನ ಬುಡಕ್ಕೇ ಕಡಿಸಲಿಲ್ಲ, ತುದಿ ಮೊಟಕು ಮಾಡಿಸಿದ್ವಿ. ಎಲ್ಲಿ ಬೇಕಾದರೂ ಕತ್ತರಿಸೋ ಹಾಗಿಲ್ಲ. ಒಂದು ಪಕ್ಕದ ಕವಲಿನ ಹತ್ತಿರ ಕತ್ತರಿಸಬೇಕು, ಆ ಕವಲು ಕತ್ತರಿಸಿದ ಭಾಗದ ದಪ್ಪದ ಮೂರನೇ ಒಂದು ಪಾಲಾದರೂ ಇರಬೇಕು. ಆಗ ಮುಂದೆ ಅದೇ ತುದಿಯಾಗಿ ಕೆಲಸ ನಿಭಾಯಿಸುತ್ತೆ. ಸುಮ್ನೆ ನಡುವೆ ಕಡಿದು ಮೊಂಡು ಬಿಟ್ಟರೆ, ಅದರ ಸುತ್ತ ತೊಗಟೆಯಡಿಯಿಂದ ಪೊದೆ ಥರ ಚಿಗುರು ಬರುತ್ತೆ. ನೋಡೋಕೆ ಹಸಿರು, ಆದರೆ ಅದಕ್ಕೆ ಬೇರೂರಿದ ಗಟ್ಟಿ ಜೋಡಣೆ ಇರಲ್ಲ. ಒಳಗೆ ಮೊಂಡು ಕೊಳೀತಾ ಇರುತ್ತೆ. ನಾಲ್ಕೈದು ವರ್ಷದಲ್ಲಿ ಅದೇ ಭಾರ, ಅರ್ಧ ಶಕ್ತಿಯ ಜೋಡಣೆ ಮೇಲೆ. 700 ಡಾಲರಿನ ಬೋಳಿಸೋ ಕೆಲಸ ಅಂದ್ರೆ ಅದೇ.

ಇನ್ನೊಂದು ಮೋಸವೂ ಇದೆ, ಇದು ಟೆಕ್ಸಾಸ್‌ನಲ್ಲಿ ಬೀದಿಗೊಂದು ಕಾಣುತ್ತೆ. ಒಳಗಿನ ಸಣ್ಣ ರೆಂಬೆಗಳನ್ನೆಲ್ಲ ಕಿತ್ತು ತುದಿಯಲ್ಲಿ ಮಾತ್ರ ಎಲೆಗೊಂಚಲು ಬಿಡೋದು, ಸಿಂಹದ ಬಾಲದ ಹಾಗೆ. ಕೆಲಸ ಮಾಡಿದ್ದು ಚೆನ್ನಾಗಿ ಕಾಣುತ್ತೆ, ಗಾಳಿ ಬೆಳಕು ಬರುತ್ತೆ ಅಂತ ಮನೆಯವರಿಗೂ ಖುಷಿ. ಆದರೆ ಆ ಸಣ್ಣ ರೆಂಬೆಗಳು ಒಂದೊಂದು ಒಂದೊಂದು ಲಯದಲ್ಲಿ ಅಲ್ಲಾಡಿ ಗಾಳಿಯ ಶಕ್ತಿಯನ್ನ ನುಂಗ್ತಾ ಇರ್ತವೆ, ನಮ್ಮ ಭಾಷೆಯಲ್ಲಿ ಡ್ಯಾಂಪಿಂಗ್. ಅವನ್ನ ತೆಗೆದು ತೂಕವನ್ನ ತುದಿಗೆ ತಳ್ಳಿದರೆ ಗಾಳಕ್ಕೆ ಗುಂಡು ಕಟ್ಟಿದ ಹಾಗಾಯ್ತು. ಒಮ್ಮೆಗೆ ಶೇ. 25ಕ್ಕಿಂತ ಹೆಚ್ಚು ಹಸಿರು ತೆಗೀಬಾರದು ಅಂತ ಸಾಮಾನ್ಯ ಮಾತು. ವಯಸ್ಸಾದ ಮರಕ್ಕೆ ಇನ್ನೂ ಕಡಿಮೆ, ಎಲೆಯೇ ಅದರ ಅಡುಗೆಮನೆ ಅಲ್ವಾ.

ಕಾಂಡದಲ್ಲಿದ್ದ ಪೊಟರೆ ನೋಡಿ ನಾನು ಹೆದರಿದ್ದೆ. ಆಕೆ ಸುತ್ತಿಗೆಯಿಂದ ಸುತ್ತಲೂ ತಟ್ಟಿ ನೋಡಿ ನಕ್ಕಳು. ಇದೂ ಲೆಕ್ಕವೇ. ಬಾಗುವಿಕೆಗೆ ತಡೆ ಕೊಡೋದು ವ್ಯಾಸದ ನಾಲ್ಕನೇ ಘಾತ. ದುಂಡನೆ ಕಾಂಡದ ಒಳಗೆ ಅರ್ಧ ವ್ಯಾಸ ಪೂರ್ತಿ ಟೊಳ್ಳಾದರೂ ಕಳಕೊಳ್ಳೋದು ಹದಿನಾರನೇ ಒಂದು ಪಾಲು, ಶೇ. 6ರಷ್ಟು. ಸೈಕಲ್ಲಿನ ಫ್ರೇಮು ಕೊಳವೆಯಿಂದ ಮಾಡೋದೂ ಇದೇ ಧೈರ್ಯದಿಂದ. ಟೊಳ್ಳು ಒಂದು ಪಕ್ಕಕ್ಕೆ ತೆರೆದುಕೊಂಡಿದ್ದರೆ, ಸೀಳು ಇದ್ದರೆ, ಬೇರೆ ಕಥೆ.

ಕತ್ತರಿಸೋ ರೀತಿ. ಕೊಂಬೆ ಕಾಂಡಕ್ಕೆ ಸೇರೋ ಕಡೆ ಉಬ್ಬಿದ ಒಂದು ಪಟ್ಟಿ ಇರುತ್ತೆ, ಅಂಗಿಯ ಕಾಲರ್ ಥರ. ಗಾಯವನ್ನ ಮುಚ್ಚೋ ಅಂಗಾಂಶ ಬರೋದು ಅಲ್ಲಿಂದ. ಅದನ್ನ ಕೆತ್ತಬಾರದು, ಅದರಾಚೆ ಮೊಂಡನ್ನೂ ಬಿಡಬಾರದು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೋ ಅನ್ನೋ ವಿಜ್ಞಾನಿ ಸಾವಿರಾರು ಮರಗಳನ್ನ ಉದ್ದಕ್ಕೆ ಸೀಳಿ ನೋಡಿ ತೋರಿಸಿಕೊಟ್ಟ ವಿಷಯ ಇದು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯಲ್ಲ. ಮರ ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನ ಒಳಗೇ ಬಿಟ್ಟು, ಮೇಲೆ ಹೊಸ ಮರ ಬೆಳೆಸಿಕೊಳ್ಳುತ್ತೆ. ಭಾರದ ಕೊಂಬೆಗೆ ಮೂರು ಕೊಯ್ತ: ಮೊದಲು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಕಾಲು ಭಾಗ. ಅದಕ್ಕೂ ಸ್ವಲ್ಪ ಆಚೆ ಮೇಲಿನಿಂದ ಪೂರ್ತಿ. ಭಾರ ಬಿದ್ದಮೇಲೆ ಕಾಲರಿನ ಹತ್ತಿರ ಮೂರನೆಯದು. ಮೊದಲನೆಯದನ್ನ ಬಿಟ್ಟರೆ ಬೀಳೋ ಕೊಂಬೆ ಕಾಂಡದ ತೊಗಟೆಯನ್ನ ಬಾಳೆಹಣ್ಣಿನ ಸಿಪ್ಪೆ ಥರ ಎಳೆದುಕೊಂಡೇ ಬೀಳುತ್ತೆ.

ಗಾಯಕ್ಕೆ ಬಣ್ಣ ಬಳಿಯೋದರಿಂದ ಉಪಯೋಗ ಇಲ್ಲ ಅನ್ನೋದೂ ಶಿಗೋ ಮಾತೇ. ಆದರೆ ಟೆಕ್ಸಾಸ್‌ನ ಓಕ್‌ಗೆ ಮಾತ್ರ ಅಪವಾದ. ಓಕ್ ವಿಲ್ಟ್ ಅಂತ ಒಂದು ಶಿಲೀಂಧ್ರ ರೋಗ ಇದೆ. ರೋಗ ಬಂದ ರೆಡ್ ಓಕ್‌ನ ತೊಗಟೆಯಡಿ ಬೆಳೆಯೋ ಶಿಲೀಂಧ್ರದ ವಾಸನೆಗೆ ಬಂದ ಸಣ್ಣ ದುಂಬಿಗಳು, ಅಲ್ಲಿಂದ ಹೊಸದಾಗಿ ಕತ್ತರಿಸಿದ ಓಕ್‌ನ ರಸಕ್ಕೆ ಹೋಗಿ ರೋಗ ಅಂಟಿಸ್ತವೆ. ಲೈವ್ ಓಕ್‌ಗಳ ಬೇರು ಒಂದಕ್ಕೊಂದು ಬೆಸೆದುಕೊಂಡಿರೋದರಿಂದ ಒಂದು ಮರಕ್ಕೆ ಬಂದರೆ ನೆಲದಡಿಯಿಂದಲೇ ಪಕ್ಕದ ಮನೆಗೂ ಹೋಗುತ್ತೆ. ಅದಕ್ಕೇ ಫೆಬ್ರುವರಿಯಿಂದ ಜೂನ್ ಕೊನೆವರೆಗೆ ಓಕ್ ಮುಟ್ಟಬೇಡಿ, ಯಾವಾಗ ಮುಟ್ಟಿದರೂ ತಕ್ಷಣ ಬಣ್ಣ ಹಚ್ಚಿ ಅಂತ ಅಲ್ಲಿನ ಅರಣ್ಯ ಇಲಾಖೆ ಹೇಳುತ್ತೆ. ದುಬಾರಿ ಬಣ್ಣ ಬೇಡ, ಅಂಗಡಿಯ ಸ್ಪ್ರೇ ಡಬ್ಬಿ ಸಾಕು. ನಮ್ಮ ಕೊಂಬೆ ಮುರಿದದ್ದು ಫೆಬ್ರುವರಿಯಲ್ಲೇ, ಗ್ರಹಚಾರ. ಸೀಳಿಗೆ ಅವತ್ತೇ ಡಬ್ಬಿ ಖಾಲಿ ಮಾಡಿ, ನೇತಾಡ್ತಿದ್ದದ್ದನ್ನ ಪಕ್ಕದ ಮನೆಯವರು ಕರೆಸಿದ್ದ ಹುಡುಗರಿಂದ ಇಳಿಸಿಕೊಂಡು, ಉಳಿದದ್ದಕ್ಕೆ ಆಗಸ್ಟ್‌ವರೆಗೆ ಕಾದ್ವಿ. ಆ ಆರು ತಿಂಗಳು ಮಗಳು ನಮ್ಮ ಕೋಣೆಯಲ್ಲೇ ಮಲಗಿದಳು.

ಕಾದದ್ದರಿಂದ ದುಡ್ಡೂ ಉಳೀತು. ನಿಮಗೆ ಬಿಡುವಾದ ದಿನ ಬನ್ನಿ ಅಂದದ್ದಕ್ಕೆ, ಪಕ್ಕದ ಮನೆಯ ಮರವನ್ನೂ ಅದೇ ದಿನ ಸೇರಿಸಿದ್ದಕ್ಕೆ, ಬಿದ್ದದ್ದನ್ನೆಲ್ಲ ನಾವೇ ಸಾಗಿಸ್ಕೋತೀವಿ ಅಂದದ್ದಕ್ಕೆ, ನಮ್ಮ ಪಾಲು 750ಕ್ಕೆ ಇಳೀತು. ಹತ್ತಿ ಕತ್ತರಿಸೋದು ಅವರದ್ದು, ಎಳೆಯೋದು ಹೊರೋದು ನಮ್ಮದು. ಸಣ್ಣದೆಲ್ಲ ಪುಡಿಯಾಗಿ ಮರದ ಬುಡಕ್ಕೇ ಹೊದಿಕೆ ಆಯ್ತು, ಕಾಂಡಕ್ಕೆ ತಾಗದ ಹಾಗೆ ಮೂರು ಇಂಚು. ಎರಡು ಷರತ್ತಿನಲ್ಲಿ ಮಾತ್ರ ಚೌಕಾಸಿ ಮಾಡಲಿಲ್ಲ. ಇನ್ಷೂರೆನ್ಸ್ ಕಾಗದ ಮೊದಲೇ ತೋರಿಸಬೇಕು, ಜೀವ ಇರೋ ಮರಕ್ಕೆ ಮುಳ್ಳಿನ ಬೂಟು ಹಾಕಿಕೊಂಡು ಹತ್ತಬಾರದು.

ನಾನೇ ಮಾಡಿದ್ದು ಇಷ್ಟು: ನೆಲದ ಮೇಲೆ ಎರಡೂ ಕಾಲಿಟ್ಟು, ಉದ್ದ ಕೋಲಿನ ಗರಗಸದಲ್ಲಿ, ಮಣಿಕಟ್ಟಿಗಿಂತ ಸಣ್ಣ ರೆಂಬೆಗಳು. ಏಣಿ ಇಲ್ಲ, ಚೈನ್ ಗರಗಸ ಇಲ್ಲ, ತಂತಿ ಹತ್ತಿರ ಅಂತೂ ಇಲ್ಲವೇ ಇಲ್ಲ. ಮರಗಸಿಗೆ ಹೋದವರ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಾಗಿದ ಸುದ್ದಿ ನಮ್ಮೂರ ಕಡೆ ಓದದೇ ಇರೋರು ಯಾರು?

ಮಗಳು ವಾಪಸ್ ಅವಳ ಕೋಣೆಗೆ ಹೋದಳು. ಹೋದ ಸಲ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಗಾಯದ ಜಾಗ ತೋರಿಸಿದೆ. ಸುತ್ತಲೂ ಚಕ್ಕುಲಿ ಸುತ್ತಿನ ಹಾಗೆ ಹೊಸ ತೊಗಟೆ ಒಳಕ್ಕೆ ಬರ್ತಾ ಇದೆ. "ಕಡಿದದ್ದೇ ಕಾಣಲ್ವಲ್ಲೋ, ಇದಕ್ಕೆ ಅಷ್ಟು ದುಡ್ಡು ಕೊಟ್ಯಾ?" ಅಂದರು. ಪೂರ್ವದ ಕಡೆಯ ಉದ್ದ ಕೊಂಬೆ ಇನ್ನೂ ಬಾಕಿ ಇದೆ. ಜುಲೈ ಬರಲಿ ಅಂತ ಕಾಯ್ತಾ ಇದೀವಿ.