ಗಾಜಿನ ತೊಟ್ಟಿಯ ರಕ್ತಬೀಜ

ಮನೆಯಲ್ಲಿ ಮೀನು ಸಾಕತಕ್ಕ ಗೃಹಸ್ಥರು ತೊಟ್ಟಿಯೊಳಗೆ ಬೆಳೆದುದೆಲ್ಲವನ್ನೂ ಪಾಚಿಯೆಂದು ಭಾವಿಸುವುದುಂಟು. ನಾನೂ ಹಾಗೆಯೇ ಭಾವಿಸಿ ಕೆಟ್ಟೆನು.

ವಿಜಯಪುರದ ನಮ್ಮ ಮನೆಯಲ್ಲಿ ಮೊಮ್ಮಗನದೊಂದು ಗಾಜಿನ ತೊಟ್ಟಿಯಿದೆ. ತಿಕೋಟಾದ ದ್ರಾಕ್ಷಿತೋಟವೊಂದರ ಕೃಷಿಹೊಂಡದಿಂದ ನೀರುಗಿಡವನ್ನು ತಂದು ಅದರಲ್ಲಿ ನೆಟ್ಟನು. ಪಕ್ಷ ಕಳೆಯುವಷ್ಟರಲ್ಲಿ ಗಾಜಿನ ಮೇಲೆ ನೂಲಿನಂತಹ ಹಸುರು ಎಳೆಗಳು ಕಾಣಿಸಿದುವು. "ಅಜ್ಜಾ, ಪಾಚಿ ಬಂದದ" ಎಂದನು. ನಾನು ಕುಂಚದಿಂದ ಚೆನ್ನಾಗಿ ತಿಕ್ಕಿದೆನು. ಎಂಟು ದಿನಗಳಲ್ಲಿ ಅವು ಮೊದಲಿಗಿಂತ ಹೆಚ್ಚಾದುವು. ಜಾಲರಿಯೊಳಗೆ ಕಾಪಾಡಿಟ್ಟಿದ್ದ ಜೀಬ್ರಾ ಮೀನಿನ ಎಳೆಯ ಮರಿಗಳು ದಿನೇ ದಿನೇ ಕಡಮೆಯಾಗತೊಡಗಿದುವು. ಹುಡುಗನು ಊಟ ಬಿಟ್ಟು ತೊಟ್ಟಿಯ ಮುಂದೆ ಕುಳಿತನು.

ಆಗ ಭೂತಕನ್ನಡಿ ಹಿಡಿದು ನೋಡಿದೆನು. ಕಾಲು ಅಂಗುಲದಷ್ಟು ದೇಹ, ತುದಿಯಲ್ಲಿ ಐದಾರು ದಾರದಂತಹ ಕೈಗಳು. ಕಡ್ಡಿ ಮುಟ್ಟಿಸಿದೊಡನೆ ಕುಗ್ಗಿ ಚುಕ್ಕೆಯಾಯಿತು. ಪಾಚಿ ಹೀಗೆ ಕುಗ್ಗದು. ಇದು ಹೈಡ್ರಾ ಎಂಬ ಪ್ರಾಣಿ. ಕೈಗಳಲ್ಲಿರುವ ವಿಷದ ಕುಟುಕಿನಿಂದ ನೀರುಹುಳುಗಳನ್ನೂ ಎಳೆಮರಿಗಳನ್ನೂ ಹಿಡಿದು ನುಂಗುವುದು. ಹಾಲೆಂಡಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಬ್ರಹಾಂ ಟ್ರೆಂಬ್ಲೆ (ನಮ್ಮ ವೃತ್ತಿಯವನೇ!) ಇದನ್ನು ಕತ್ತರಿಸಿ, ತುಂಡುಗಳು ಪ್ರತ್ಯೇಕ ಜೀವಿಗಳಾದುದನ್ನು 1744ರ ತನ್ನ ಗ್ರಂಥದಲ್ಲಿ ವರ್ಣಿಸಿದನು. ದೇವೀಮಾಹಾತ್ಮ್ಯದ ರಕ್ತಬೀಜನನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ನನ್ನ ಕುಂಚವೇ ಶತ್ರುಸೈನ್ಯವನ್ನು ಬೆಳೆಸಿತ್ತು.

ಬಬಲೇಶ್ವರದ ಬೀಗರು, "ಒಂದ್ ಚಿಟಿಕಿ ಮೈಲುತುತ್ತ ಹಾಕ್ರಿ" ಎಂದರು. ಸುಣ್ಣದೊಡನೆ ಬೆರೆಸಿದ ಮೈಲುತುತ್ತವು ದ್ರಾಕ್ಷಿಯ ಬೂಷ್ಟುರೋಗವನ್ನು ತಡೆಯುವುದು ದಿಟ. ಆದರೆ ನೀರಿನಲ್ಲಿ ಕರಗಿದ ತಾಮ್ರವು ಸೀಗಡಿ, ಬಸವನಹುಳುಗಳಿಗೆ ವಿಷ, ತುಸು ಹೆಚ್ಚಾದರೆ ಮೀನಿಗೂ ವಿಷವೇ. ಆದುದರಿಂದ ಬೀಗರಿಗೆ ಚಹ ಕೊಟ್ಟು ಮಾತು ಮರೆಸಿದೆನು.

ಮೀನುಗಳನ್ನು ಬೇರೆ ಪಾತ್ರೆಗೆ ಸಾಗಿಸಿ, ಗಿಡವನ್ನು ಕಿತ್ತು ಬಿಸಿಲಿನಲ್ಲಿ ಒಣಗಿಸಿ ಸುಟ್ಟೆವು. ತೊಟ್ಟಿ, ಮರಳು, ಜಾಲರಿಗಳನ್ನು ಬಿಸಿನೀರಿನಿಂದ ತೊಳೆದು, ಮಾಳಿಗೆಯ ಬಿಸಿಲಿನಲ್ಲಿ ನಾಲ್ಕು ದಿನ ಒಣಗಿಸಿದೆವು. ಒಣಗಿದ ಹೈಡ್ರಾ ಬದುಕದು. ಮೀನಿಗೆ ಹಾಕುವ ಆಹಾರವನ್ನೂ ಮಿತಗೊಳಿಸತಕ್ಕುದು. ಮಿಕ್ಕ ಆಹಾರದಿಂದ ಬೆಳೆಯುವ ಸೂಕ್ಷ್ಮಜೀವಿಗಳೇ ಇದಕ್ಕೆ ಮೃಷ್ಟಾನ್ನ. ತೊಟ್ಟಿಯನ್ನು ಬರಿದು ಮಾಡಲಾಗದವರು ಗೌರಾಮಿ ಮೀನನ್ನು ಬಿಡಬಹುದು, ಅದು ಹೈಡ್ರಾವನ್ನು ತಿನ್ನುವುದು. ಎಳೆಮರಿಗಳಿದ್ದಲ್ಲಿ ಮಾತ್ರ ಬೇಡ.

ಉಪ್ಪುನೀರಿನಲ್ಲಿ ಹವಳವನ್ನು ಸಾಕುವವರಿಗೂ ಇಂತಹುದೇ ಪೀಡೆಯುಂಟು. ಐಪ್ಟೇಸಿಯಾ ಎಂಬ ಹೂವಿನಂತಹ ಪ್ರಾಣಿಯನ್ನು ಕಿತ್ತರೆ ಉಳಿದ ಚೂರಿನಿಂದ ಮತ್ತೆ ಬೆಳೆಯುವುದು. ಅವರು ಸೂಜಿಯಿಂದ ಅದರ ಬಾಯೊಳಗೆ ಸುಣ್ಣದ ಗಂಜಿಯನ್ನು ಹೊಗಿಸುತ್ತಾರೆ. ಅಲ್ಲಿಯೂ ತಾಮ್ರ ಸಲ್ಲದು, ಹವಳವೇ ಸಾಯುವುದು.

ಈಗ ಹುಡುಗನು ತಂದ ಹೊಸ ಗಿಡವು ಕಿಟಕಿಯ ಬಳಿ ಬೇರೆ ಸೀಸೆಯಲ್ಲಿದೆ. ಹದಿನೈದು ದಿನ ಅಲ್ಲಿಯೇ ಇರತಕ್ಕದ್ದೆಂದು ಗೊತ್ತುಮಾಡಿದ್ದೇವೆ. ಭೂತಕನ್ನಡಿಯು ಅವನ ವಶದಲ್ಲಿದೆ.