ಶಾಲೆಗಳಲ್ಲಿ ಅತಿಥಿ ಉಪನ್ಯಾಸ: ಪೋಷಕರ ಗಮನಕ್ಕೆ

ಬದುಕಿನ ಸಂತೋಷ ಹಾಗೂ ಸಾರ್ಥಕತೆಯನ್ನು ಕುರಿತು ವಿದ್ಯಾರ್ಥಿಗಳೊಡನೆ ಮಾತನಾಡಲು ಹಿರಿಯರನ್ನು ಶಾಲೆಗೆ ಆಹ್ವಾನಿಸುವ ಪದ್ಧತಿಯು ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಹೊಸದಲ್ಲ. 1917ರಲ್ಲಿ ಸ್ಥಾಪಿತವಾದ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ 1936ರಲ್ಲಿ ಮಹಾತ್ಮ ಗಾಂಧೀಜಿಯವರು ಭೇಟಿ ನೀಡಿದ್ದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿದವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದಿದ್ದ ಬಡ ವಿದ್ಯಾರ್ಥಿ ಎಚ್. ನರಸಿಂಹಯ್ಯನವರು. 1942ರಲ್ಲಿ ಅವರು ವ್ಯಾಸಂಗವನ್ನು ಬದಿಗಿರಿಸಿ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆವಾಸ ಅನುಭವಿಸಿದರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಆದಾಗ್ಯೂ ಖಾದಿಯನ್ನೇ ಧರಿಸಿ, ಅವಿವಾಹಿತರಾಗಿ, ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಬಾಳಿ 2005ರಲ್ಲಿ ನಿಧನರಾದರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನ ಸಾಪ್ತಾಹಿಕ ಉಪನ್ಯಾಸಗಳು ಸಾರ್ವಜನಿಕರಿಗೂ ಮುಕ್ತವಾಗಿದ್ದವು.

ಒಂದೇ ಭಾಷಣದಿಂದ ಇಷ್ಟೆಲ್ಲವೂ ಆಯಿತೆನ್ನುವುದು ಸರಿಯಾಗಲಾರದು. ಆದರೆ ಅಂದು ಮಾತನಾಡಿದವರು ನುಡಿದಂತೆ ನಡೆದವರಾಗಿದ್ದರೆಂಬುದು ಗಮನಾರ್ಹ.

ಆದುದರಿಂದ ಅತಿಥಿಗಳ ಹೆಸರನ್ನು ಸೂಚಿಸುವ ಪೋಷಕರು ಪ್ರಸಿದ್ಧರನ್ನೇ ಅರಸಬೇಕಾದ ಅಗತ್ಯವಿರುವುದಿಲ್ಲ. ಹಲವು ವರ್ಷ ರೋಗಿಗಳ ಶುಶ್ರೂಷೆ ಮಾಡಿದ ದಾದಿಯವರಾಗಲಿ, ಗಾಂಧಿ ಬಜಾರಿನಲ್ಲಿ ಹೂ ಮಾರಿ ಮಕ್ಕಳನ್ನು ಓದಿಸಿದ ತಾಯಿಯಾಗಲಿ, ಸಂತೋಷವೆಂದರೇನು ಎಂಬ ಪ್ರಶ್ನೆಗೆ ಸ್ವಂತ ಅನುಭವದಿಂದ ಉತ್ತರಿಸಬಲ್ಲರು. ಅತಿಥಿಯ ಹೆಸರು, ವೃತ್ತಿ ಹಾಗೂ ಮಾತನಾಡುವ ವಿಷಯವನ್ನು ನಮೂದಿಸಿ ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಉಪನ್ಯಾಸದ ವೇಳೆ ಶಿಕ್ಷಕರೊಬ್ಬರು ತರಗತಿಯಲ್ಲಿ ಹಾಜರಿರುವುದು ಅವಶ್ಯ. ಹಾರ, ಶಾಲು, ಸ್ವಾಗತ ಭಾಷಣಗಳಲ್ಲಿಯೇ ಅವಧಿ ಮುಗಿದುಹೋಗುವುದು ಅಪರೂಪವೇನಲ್ಲ. ಇವುಗಳನ್ನು ಕೈಬಿಟ್ಟು, ಅವಧಿಯ ಅರ್ಧಭಾಗವನ್ನು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಮೀಸಲಿಡುವಂತೆ ಮನವಿಯಲ್ಲಿಯೇ ಕೋರಬಹುದಾಗಿದೆ.